ಪರೋಟಾ ತಿಂದಿರಲಪ್ಪಾ ದೇವರೇ

ಗಿಂಡಿ ಸ್ಟೇಷನ್ನಿನ ಹೊರಗೆ, ಮೆಟ್ರೋ ಮೆಟ್ಟಿಲು ಮುಗಿಯುವ ಕಡೆ, ಸಂಜೆಯಾದರೆ ಒಬ್ಬ ಪರೋಟಾದವನು ಕಾವಲಿ ಕಲ್ಲು ಕಾಯಿಸಿಕೊಂಡು ನಿಲ್ಲುತ್ತಾನೆ. ಕಳೆದ ವಾರ ಆಫೀಸಿನಿಂದ ಬರುವಾಗ ಮಳೆ ಹಿಡಿದು ಅವನ ಟಾರ್ಪಾಲಿನ ಅಂಚಿಗೆ ನಿಲ್ಲಬೇಕಾಯಿತು. ಕಾದ ಎಣ್ಣೆ, ಬೇಯುವ ಮೈದಾ, ಪಕ್ಕದ ಪಾತ್ರೆಯಲ್ಲಿ ಕುದಿಯುವ ಸಾಲ್ನಾ ಎಂಬ ಮಸಾಲೆ ಸಾರು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಮಾತ್ರ ಬೆಂಚಿನ ಮೇಲೆ ಯಾರು ಯಾರು ಕೂತಿದ್ದಾರೆ ಎಂದು ಮೊದಲು ನೋಡಬೇಕು ಅನ್ನಿಸುತ್ತದೆ. ಇವರೇನಾದರೂ ಇದ್ದಾರಾ? ಇವರು ಎಂದರೆ ನನ್ನ ಯಜಮಾನರು, ಪ್ರಹ್ಲಾದ. ಆ ಹೊತ್ತಿನಲ್ಲಿ ಅವರು ಎಣ್ಣೂರಿನ ರೈಲ್ವೆ ಗೂಡ್ಸ್ ಆಫೀಸಿನಲ್ಲಿರುತ್ತಾರೆ, ಊರಿನ ಈ ತುದಿಗೆ ಬರುವ ಸಂಭವವೇ ಇಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಕಣ್ಣು ಹುಡುಕಿತು. ಒಂದು ಮಳೆಗಾಲ ಪೂರ್ತಿ ಅದೇ ಕೆಲಸ ಮಾಡಿದ ಕಣ್ಣು ಇದು.

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಒಂದು ಇನ್ಶೂರೆನ್ಸ್ ಆಫೀಸಿನ ಕ್ಲೇಮು ವಿಭಾಗದಲ್ಲಿದ್ದೇನೆ. ಬೆಂಕಿ ಬಿದ್ದ ಗೋದಾಮು, ಕಳುವಾದ ಬೈಕು, ನೀರು ನುಗ್ಗಿದ ಅಂಗಡಿ, ಎಲ್ಲರ ಅಳುವನ್ನೂ ಕೇಳಿ, ಟೀ ಕುಡಿಸಿ, ಆಮೇಲೆ ಮೆಲ್ಲಗೆ "ಬೆಂಕಿ ಬಿದ್ದ ದಿನ ಸರಕೆಲ್ಲ ಎಲ್ಲಿತ್ತು ಸಾರ್?" ಎಂದು ಕೇಳುವವಳು ನಾನು. ಹುಟ್ಟಿದ್ದು ಮೈಸೂರು. ಮದುವೆಯಾಗಿ ತಿರುವೊಟ್ಟಿಯೂರಿಗೆ ಬಂದ ಮೇಲೆ ತಮಿಳು ಕಲಿತದ್ದೂ ಈ ಕೆಲಸದಿಂದಲೇ. ಸುಳ್ಳು ಹೇಳುವವರ ತಮಿಳು ನನಗೆ ಬೇಗ ಅರ್ಥವಾಗುತ್ತಿತ್ತು. ಮನೆಯಲ್ಲೂ ಅದೇ ಬುದ್ಧಿ. "ನಿನ್ನ ಮುಂದೆ ನಿಜ ಹೇಳೋಕೂ ಭಯ ಆಗತ್ತೆ ಕಣೇ ಜಯಾ" ಎಂದು ಇವರು ನಗುತ್ತಿದ್ದರು.

ಇವರಿಗೆ ಸೀಲಿಯಾಕ್ ಎಂಬ ಕಾಯಿಲೆ ಇದೆಯೆಂದು ಗೊತ್ತಾದದ್ದು ಆ ಮಳೆಗಾಲಕ್ಕೆ ಮುಂಚಿನ ಧನುರ್ಮಾಸದಲ್ಲಿ. ವರ್ಷಗಟ್ಟಲೆ ಮೈಯಲ್ಲಿ ರಕ್ತ ಕಮ್ಮಿ, ಹೊಟ್ಟೆ ಉಬ್ಬರ, ಏನು ತಿಂದರೂ ನಿಲ್ಲದೆ ಕಕ್ಕಸಿಗೆ ಓಡುವುದು. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು, ಅದು ಮೈಗೆ ಹತ್ತುತ್ತಲೇ ಇರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಗಂಟಲಿನಲ್ಲಿ ಕೊಳವೆ ಇಳಿಸಿ ನೋಡಿ, ಸಣ್ಣ ಕರುಳಿನ ಒಳಗೋಡೆ ಸವೆದುಹೋಗಿದೆ, ಗೋಧಿ ಬಾರ್ಲಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಇವರ ಮೈಗೆ ವೈರಿ, ಇನ್ನು ಸಾಯುವತನಕ ಅದರ ಒಂದು ಚೂರೂ ಒಳಗೆ ಹೋಗಕೂಡದು ಎಂದರು. ನೆಂಟರಲ್ಲಿ ಯಾರೂ ನಂಬಲಿಲ್ಲ. "ಅದು ಮೂರು ಹೊತ್ತೂ ಚಪಾತಿ ತಿನ್ನೋ ಉತ್ತರದವರ ಕಾಯಿಲೆ ಕಣೇ, ಅನ್ನ ತಿನ್ನೋ ನಮಗೆಲ್ಲಿಂದ ಬರತ್ತೆ?" ಎಂದು ಕೊಯಮತ್ತೂರಿನಲ್ಲಿರುವ ನಾದಿನಿ ಫೋನಿನಲ್ಲಿ ವಾದ ಹೂಡಿದಳು. ನಾನೂ ಡಾಕ್ಟರನ್ನೇ ಅನುಮಾನಿಸಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿಬಂದೆ. ಅವರೂ ಅದನ್ನೇ ಹೇಳಿದರು.

ನಂಬಿಕೆ ಬಂದ ಮೇಲೆ ಮಾತ್ರ ನಾನು ಮನೆಗೇ ಪೊಲೀಸಾದೆ. ಗೋಧಿ ಹಿಟ್ಟು, ರವೆ, ಮೈದಾ, ಶಾವಿಗೆ, ಬಿಸ್ಕತ್ತು ಎಲ್ಲ ಹೊರಗೆ. ಮೈದಾ ಬೆರೆಸಿರುತ್ತಾರೆಂದು ಇಂಗಿನ ಡಬ್ಬಿಯೂ ಹೊರಗೆ. ಲಟ್ಟಣಿಗೆ, ಜರಡಿ ಕೂಡ ಹೊಸವು ಬಂದವು. ಅತ್ತೆ ಏನೆನ್ನುತ್ತಾರೋ ಎಂದು ಹೆದರಿದ್ದೆ. ನಮ್ಮದು ಮಾಧ್ವರ ಮನೆ, ಏಕಾದಶಿಯ ದಿನ ಅನ್ನ ಮುಟ್ಟುವಂತಿಲ್ಲ. ಎಂಬತ್ತರ ಹತ್ತಿರದ ಅತ್ತೆಗೆ ನಿರಾಹಾರ ಇರಲಾಗದೆ ಆ ದಿನ ಗೋಧಿ ರವೆ ಉಪ್ಪಿಟ್ಟೇ ಆಧಾರವಾಗಿತ್ತು. "ಅಮ್ಮಾ, ನಿಮಗೆ ಬೇರೆ ಪಾತ್ರೇಲಿ..." ಎಂದು ನಾನು ಶುರು ಮಾಡುವುದರೊಳಗೇ ಅವರು ಕೈ ಅಡ್ಡ ಹಿಡಿದರು.

"ಒಂದೂ ವೇಂಡಾಮ್ಮಾ. ನನ್ನ ಮಗನಿಗೆ ವಿಷವಾದ ಧಾನ್ಯ ನನ್ನ ಗಂಟಲಲ್ಲಿ ಇಳಿಯತ್ತಾ?"

ಕುಂಭಕೋಣದಲ್ಲಿ ಹುಟ್ಟಿ ಬೆಳೆದ ಅತ್ತೆಯ ಕನ್ನಡದಲ್ಲಿ ತಮಿಳು ಹೀಗೆ ನಡುವೆ ನುಸುಳಿ ಹೋಗುತ್ತದೆ. ಆವತ್ತಿನಿಂದ ಅವರ ಏಕಾದಶಿ ಬರೀ ಬಾಳೆಹಣ್ಣು, ಹಾಲಿನಲ್ಲಿ ಕಳೆಯಿತು. ದ್ವಾದಶಿ ಬೆಳಿಗ್ಗೆ ಎದ್ದಾಗ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು, ಆದರೆ ಒಂದು ದಿನವೂ ಗೊಣಗಲಿಲ್ಲ.

ಮೊದಲ ಕೆಲವು ತಿಂಗಳು ಇವರು ತಿಂದದ್ದೆಲ್ಲ ಅನ್ನ, ಇಡ್ಲಿ, ಮನೆಯಲ್ಲಿ ರುಬ್ಬಿದ ದೋಸೆ. ಮುಖಕ್ಕೆ ಬಣ್ಣ ಬಂತು, ಬೆಲ್ಟು ಬಿಗಿಯಾಯಿತು. ಆಗ ಆಸ್ಪತ್ರೆಯ ಪಥ್ಯದ ಮೇಡಂ, ಬರೀ ಅಕ್ಕಿಯಲ್ಲಿ ಹೊಟ್ಟೆ ತುಂಬಿದರೆ ಸಾಲದು, ಸವೆದ ಮೂಳೆಗೆ ಸುಣ್ಣದಂಶ ಬೇಕು, ಕಬ್ಬಿಣ ಬೇಕು, ನಾರು ಬೇಕು, ರಾಗಿ ಜೋಳ ಸಜ್ಜೆ ತಿನ್ನಿಸಿ ಎಂದರು. ತಿನ್ನಿಸೋಣ, ಆದರೆ ಹಿಟ್ಟು? ಅಂಗಡಿಯ ಪ್ಯಾಕೆಟ್ಟನ್ನು ನಾನು ನಂಬುವುದುಂಟೇ! ಯಾವ ಮೆಷಿನ್ನಿನಲ್ಲಿ ಏನೇನು ಬೀಸಿರುತ್ತಾರೋ ಯಾರು ಕಂಡರು. ನಮ್ಮ ಬೀದಿಯ ಹಿಂದೆ ಮುರುಗೇಶನ್ ಎಂಬುವವರ ಹಿಟ್ಟಿನ ಗಿರಣಿಯಿದೆ. ಇರುವುದು ಒಂದೇ ಮೆಷಿನ್ನು. ಮೆಣಸಿನಕಾಯಿ, ಮೀನಿನ ಸಾರಿನ ಮಸಾಲೆ, ಗೋಧಿ ಎಲ್ಲಕ್ಕೂ ಅದೇ. ನಾನೇ ಹೋಗಿ ಮಾತಾಡಿ ಏರ್ಪಾಡು ಮಾಡಿದೆ. ಶನಿವಾರ ಸಂಜೆ ಅವರು ಕಲ್ಲು ಬಿಚ್ಚಿ ಬ್ರಷ್ಷು ಹಾಕಿ ಉಜ್ಜಬೇಕು, ಭಾನುವಾರ ಬೆಳಿಗ್ಗೆ ಬೇರೆ ಯಾರದೂ ಬೀಳುವ ಮುಂಚೆ ನಮ್ಮ ರಾಗಿ ಬೀಳಬೇಕು. "ಸರಿಮ್ಮಾ, ಫಸ್ಟ್ ಉಂಗಳದುದಾನ್" ಎಂದು, ಮೊದಲು ನಮ್ಮದೇ ಬೀಸುವುದಕ್ಕೆ ಅವರು ಒಪ್ಪಿಕೊಂಡರು, ಹೇಳಿದಂತೆಯೇ ನಡೆದುಕೊಂಡರು ಕೂಡ. ಸ್ಕೂಟರಿನಲ್ಲಿ ಡಬ್ಬ ಇಟ್ಟುಕೊಂಡು ಗಿರಣಿಗೆ ಹೋಗಿಬರುವುದು ಈ ಮನೆಯಲ್ಲಿ ಯಾವಾಗಲೂ ಇವರ ಕೆಲಸ. ನಾನು ನಿಶ್ಚಿಂತೆಯಿಂದ ಮುದ್ದೆ ಕಟ್ಟಿದೆ, ರೊಟ್ಟಿ ತಟ್ಟಿದೆ, ಅಂಬಲಿ ಕಾಯಿಸಿದೆ.

ಆಷಾಢದ ಹೊತ್ತಿಗೆ ಇವರ ಅಂಗಿಯ ಕಾಲರು ಮತ್ತೆ ಸಡಿಲವಾಯಿತು. ಉಗುರು ಬಿಳಿಚಿತು. ಮೆಟ್ಟಿಲು ಹತ್ತಿದರೆ ಮಧ್ಯದಲ್ಲಿ ನಿಂತು ಫೋನು ನೋಡುವ ನೆಪ ಮಾಡುತ್ತಿದ್ದರು. ನಾನು ಇನ್ನಷ್ಟು ರಾಗಿ ತಿನ್ನಿಸಿದೆ. ರಾಗಿಯ ಮೇಲೂ ಅನುಮಾನ ಬಂದು ಅಂಗಡಿ ಬದಲಾಯಿಸಿ, ಮೊರದಲ್ಲಿ ಹರವಿಕೊಂಡು ಕಾಳು ಕಾಳು ಆರಿಸಿದೆ. ಇವರು ಇನ್ನಷ್ಟು ಇಳಿದರು.

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಶುರುವಾದ ವಾರವೇ ರಕ್ತ ಪರೀಕ್ಷೆಯ ಫಲ ಬಂತು. ಇಳಿಯಬೇಕಾದ ಸಂಖ್ಯೆ ಏರಿತ್ತು. ಡಾಕ್ಟರು ಇವರನ್ನು ತೂಕ ನೋಡಿಕೊಂಡು ಬರಲು ಹೊರಗೆ ಕಳಿಸಿ, ಬಾಗಿಲು ಮುಚ್ಚಿದ ಮೇಲೆ ತಮಿಳಿನಲ್ಲಿ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಮೇಡಂ, ಎರಡೇ ದಾರಿ. ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಾ ಇದೆ. ಇಲ್ಲಾಂದ್ರೆ, ಇದು ಪಥ್ಯಕ್ಕೆ ಬಗ್ಗದ ಜಾತಿಯದು. ಹಾಗಾದ್ರೆ ಮತ್ತೆ ಕೊಳವೆ ಇಳಿಸಬೇಕು, ಸ್ಟೆರಾಯ್ಡ್ ಕೊಡಬೇಕು, ಅದರಾಚೆಗೆ ಏನಾಗತ್ತೋ ಹೇಳೋದು ಕಷ್ಟ, ಕರುಳಿನಲ್ಲಿ ಕ್ಯಾನ್ಸರಿಗೂ ದಾರಿ ಆಗಬಹುದು. ಅವರು ಕದ್ದು ತಿಂತಾ ಇದ್ರೆ ನಮಗೆ ಅದೇ ಒಳ್ಳೇ ಸುದ್ದಿ. ಮನೇಲಿ ಸಮಾಧಾನವಾಗಿ ಕೇಳಿ. ಸ್ವಲ್ಪ ದಿನ ನೋಡೋಣ."

ಆಟೋದಲ್ಲಿ ಇವರು ಆ ಕಡೆ ಮಳೆ ನೋಡುತ್ತ ಕೂತಿದ್ದರು. ನಾನು ಈ ಕಡೆ ಕೂತು ಕೈಜೋಡಿಸಿ ಬೇಡಿಕೊಂಡೆ, ಪರೋಟಾ ತಿಂದಿರಲಪ್ಪಾ ದೇವರೇ. ಗಂಡ ಸುಳ್ಳುಗಾರನಾಗಿರಲಿ ಎಂದು ದೇವರನ್ನು ಬೇಡಿಕೊಂಡ ಹೆಂಡತಿ ಪ್ರಪಂಚದಲ್ಲಿ ಇನ್ನೊಬ್ಬಳಿರಲಾರಳು.

ಪರೋಟಾವೇ ಯಾಕೆ ಎಂದರೆ ಇವರ ಪ್ರಾಣ ಇದ್ದದ್ದೇ ಅದರಲ್ಲಿ. ಕಾಯಿಲೆ ಗೊತ್ತಾಗುವ ಮುಂಚೆ ಶನಿವಾರ ಡ್ಯೂಟಿ ಮುಗಿಸಿ ಗೆಳೆಯರ ಜೊತೆ ತಿಂದೇ ಬರುತ್ತಿದ್ದರು. ಅತ್ತೆಗೆ ಗೊತ್ತಾಗಬಾರದೆಂದು ಹಿತ್ತಲಲ್ಲಿ ಬಾಯಿ ಮುಕ್ಕಳಿಸಿ, ವೀಳ್ಯದೆಲೆ ಜಗಿದು ಒಳಗೆ ಬರುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆ ಗಾದೆಯನ್ನು ಅಷ್ಟು ಆಸೆಯಿಂದ ನಾನು ಯಾವತ್ತೂ ನೆನೆಸಿಕೊಂಡಿರಲಿಲ್ಲ.

"ರೀ, ನಿಜ ಹೇಳಿ, ಬೈಯಲ್ಲ. ಹೊರಗೆ ಏನಾದ್ರೂ ತಿಂದ್ರಾ?"

"ಇಲ್ವೇ."

"ಒಂದು ತುಣುಕು? ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ ಅಂದ್ನಲ್ಲ ಜಯಾ. ನನಗೇನು ಬದುಕೋ ಆಸೆ ಇಲ್ವಾ?"

ಅಲ್ಲಿಗೆ ಬಿಡುವವಳೇ ನಾನು? ಮಳೆ ಒಂದೇ ಸಮ ಹುಯ್ಯುತ್ತಿತ್ತು, ಬೀದಿಯಲ್ಲಿ ಮೊಣಕಾಲುದ್ದ ನೀರು, ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಆ ವಾಸನೆಯ ನಡುವೆ ಇವರ ಅಂಗಿ ಮೂಸಿ ಎಣ್ಣೆಯ ಕಮಟು ಹುಡುಕಿದೆ. ಊಟದ ಡಬ್ಬಿ ಖಾಲಿಯಾಗಿ ಬಂದರೆ ಇನ್ಯಾರಿಗೋ ಕೊಟ್ಟು ಇವರು ಹೊರಗೆ ತಿಂದಿರಬೇಕು ಎಂದುಕೊಂಡೆ. ಉಳಿದು ಬಂದರೆ ಹೊರಗೆ ತಿಂದು ಹಸಿವಿಲ್ಲದೆ ಬಿಟ್ಟಿದ್ದಾರೆ ಎಂದುಕೊಂಡೆ. ಫೋನು ತೆಗೆದು ಯಾವ ಹೋಟೆಲಿಗೆ ದುಡ್ಡು ಕಳಿಸಿದ್ದಾರೆ ನೋಡಿದೆ. ಅವರ ಆಫೀಸಿನ ಗೆಳೆಯರಿಗೆ ಹಬ್ಬದ ಶುಭಾಶಯ ಹೇಳುವ ನೆವದಲ್ಲಿ ಫೋನು ಮಾಡಿ, ಮಾತಿನ ನಡುವೆ ಸಾರ್ ಮಧ್ಯಾಹ್ನ ಎಲ್ಲಿ ಊಟ ಮಾಡ್ತಾರೆ ಎಂದು ತೂರಿಸಿದೆ. "ಅವರಾ? ಪಾವಂ, ಡಬ್ಬಿ ಬಿಟ್ಟು ಟೀಗೂ ಬರಲ್ಲಮ್ಮಾ" ಎಂದರು. ಗಂಡನ ಮೇಲೆ ಪತ್ತೇದಾರಿ ಮಾಡಿ ಏನೂ ಸಿಗದಿದ್ದರೆ ಬೇರೆ ಹೆಂಗಸರಿಗೆ ನೆಮ್ಮದಿ. ನನಗೆ ಮಾತ್ರ ಡಾಕ್ಟರು ಹೇಳಿದ ಎರಡನೇ ದಾರಿಯೇ ಕಣ್ಣ ಮುಂದೆ ಬರುತ್ತಿತ್ತು.

ಸಿಕ್ಕಿದ್ದು ಒಂದೇ. ಒಗೆಯಲು ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ನಾಲ್ಕಾರು ಗೋಧಿ ಕಾಳು. ಕೇಳಿದರೆ "ಪ್ಲಾಟ್‌ಫಾರ್ಮಿನ ಪಾರಿವಾಳಕ್ಕೆ ಹಾಕ್ತೀನಿ" ಎಂದು ತಡವರಿಸಿದರು. ಆ ಕಾಳನ್ನು ಎಷ್ಟೋ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಹಸಿ ಗೋಧಿ ಕಾಳನ್ನು ಯಾರಾದರೂ ಜಗಿಯುತ್ತಾರೆಯೇ? ಪಾಪ ಮಾಡುವ ಮನುಷ್ಯ ರುಚಿಯಾದ ಪಾಪವನ್ನೇ ಮಾಡುತ್ತಾನೆ. ಇನ್ನು ಮನೆಯೊಳಕ್ಕೆ ಗೋಧಿ ತಂದರೆ ನೋಡಿ ಎಂದು ಕೂಗಾಡಿ, ಕಾಳನ್ನು ಬೀದಿಯ ನೀರಿಗೆ ಎಸೆದೆ.

ಹನ್ನೊಂದನೇ ಕ್ಲಾಸಿನ ಮಗಳು ಮೇಘನಾ ಇದನ್ನೆಲ್ಲ ನೋಡುತ್ತಲೇ ಇದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು. "ಅಮ್ಮಾ, ಅಪ್ಪಾ ಪೊಯ್ ಸೊಲ್ಲಲೈ. ಹಿ ಈಸ್ ಜಸ್ಟ್ ಸಿಕ್" ಎಂದಳು. ಅಪ್ಪ ಸುಳ್ಳು ಹೇಳುತ್ತಿಲ್ಲ, ಕಾಯಿಲೆ ಜಾಸ್ತಿಯಾಗಿದೆ ಅಷ್ಟೇ. ನನಗೆ ಕೇಳಲು ಭಯವಿದ್ದ ಮಾತು ಅದೊಂದೇ. "ಬಾಯಿ ಮುಚ್ಚೇ!" ಎಂದು ಗದರಿಬಿಟ್ಟೆ. ಮಗು ಅಳುತ್ತ ಒಳಗೆ ಹೋಯಿತು.

ಆ ವಾರದ ಒಂದು ಸಂಜೆ ಕರೆಂಟು ಹೋಗಿತ್ತು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನಾನು ಅಳುತ್ತಿದ್ದದ್ದನ್ನು ಇವರು ಬಾಗಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಹತ್ತಿರ ಬಂದು, ತಗ್ಗಿದ ದನಿಯಲ್ಲಿ "ಜಯಾ, ತಿಂದೆ ಕಣೇ" ಎಂದರು.

"ಏನು?"

"ಪರೋಟಾ. ಮಾರ್ಕೆಟ್ ಹತ್ರದ ಆ ಹಳೇ ಅಂಗಡೀಲಿ. ಶನಿವಾರ ಶನಿವಾರ. ತಡೆಯೋಕಾಗ್ಲಿಲ್ಲ."

ಅಯ್ಯೋ, ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕಣ್ಣೊರೆಸಿಕೊಂಡ ಒದ್ದೆ ಕೈಗಳಲ್ಲೇ ಅವರ ಎರಡೂ ಕೆನ್ನೆ ಹಿಡಿದು "ತಿಂದ್ರಾ? ನಿಜವಾಗ್ಲೂ ತಿಂದ್ರಾ?" ಎಂದು ನಗುತ್ತ ಅಳುತ್ತ ಕೇಳಿದೆ. "ತಿಂದೆ" ಎಂದರು ಮತ್ತೆ. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ. ಅಲ್ಲಿಂದಲೇ "ಅಮ್ಮಾ, ಇವರು ಪರೋಟಾ ತಿಂದಿದ್ದಾರಂತೆ!" ಎಂದು ಕೂಗಿಕೊಂಡೆ. ಕೊಯಮತ್ತೂರಿಗೆ ಫೋನು ಮಾಡಿದೆ, ಮೈಸೂರಿನ ಅಕ್ಕನಿಗೆ ಮಾಡಿದೆ. ಎಲ್ಲರೂ "ಥೂ, ಇವನಿಗೇನು ಬಂತು" ಎಂದು ಬೈದರು. ನಾನು ಮಾತ್ರ ಮದುವೆಮನೆಯ ಸುದ್ದಿ ಹಂಚಿದ ಹಾಗೆ ಹಂಚಿದೆ.

ಅತ್ತೆಯದು ಬೇರೆಯೇ ಲೆಕ್ಕಾಚಾರವಾಯಿತು. ಮೇಣದಬತ್ತಿಯ ಬೆಳಕಿನಲ್ಲಿ ಅವರ ಮುಖದ ಗೆರೆಗಳೆಲ್ಲ ನಡುಗುತ್ತಿದ್ದವು.

"ಮೊಟ್ಟೆ ಒಡೆಯೋ ಕಲ್ಲಿನ ಮೇಲೇನೋ? ಮಾಂಸದ ಸಾರಿನ ಸೌಟು ಅಲ್ಲೇ ಇರತ್ತಲ್ಲೋ! ಅದೇ ಬಾಯಲ್ಲಿ ಮಂತ್ರ, ಅದೇ ಕೈಯಲ್ಲಿ ದೇವರ ಅಭಿಷೇಕ. ನಾನು ಇಲ್ಲಿ ಏಕಾದಶಿಗೆ ಉಪ್ಪಿಟ್ಟು ಬಿಟ್ಟು ಕೂತಿದೀನಿ, ನೀನು ಅಲ್ಲಿ ಪರೋಟಾ ತಿಂತಾ ಇದ್ಯಾ?"

ಇವರು ತಲೆ ತಗ್ಗಿಸಿದರು. ಅಂದಿನಿಂದ ಇವರಿಗೆ ದೇವರ ಮನೆ ಬಂದ್. ಪ್ರಾಯಶ್ಚಿತ್ತವಾಗಿ ಪಂಚಗವ್ಯ ಕುಡಿಸಿದರು. ಮೊದಲೇ ಸೋತ ಹೊಟ್ಟೆ, ಗೋಮೂತ್ರ ಸಗಣಿ ಎಲ್ಲ ಸೇರಿದ್ದನ್ನು ಇವರು ಕಣ್ಣು ಮುಚ್ಚಿಕೊಂಡು ಕುಡಿದರು. ನನಗೂ ಆಗ ಅನುಕಂಪ ಬರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ಶನಿವಾರ ಆಫೀಸಿಗೆ ಅರ್ಧ ದಿನ ರಜ ಹಾಕಿ, ಕೊಡೆ ಹಿಡಿದು ಆ ಅಂಗಡಿಗೆ ಹೊರಟೆ. ಇವರ ಫೋಟೋ ತೋರಿಸಿ, ಈ ಮನುಷ್ಯನಿಗೆ ಇನ್ನೊಂದು ಸಲ ಪರೋಟಾ ಕೊಟ್ಟರೆ ನಿಮ್ಮ ಕಲ್ಲು ಎತ್ತಿ ಸಮುದ್ರಕ್ಕೆ ಹಾಕುತ್ತೇನೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ತಮಿಳಿನಲ್ಲಿ ವಾಕ್ಯ ಜೋಡಿಸಿಕೊಂಡು ಹೋದೆ. ಹೋಗಿ ನೋಡಿದರೆ ಪರೋಟಾ ಅಂಗಡಿಯೇ ಇರಲಿಲ್ಲ. ಆ ಜಾಗದಲ್ಲಿ ಫೋನಿನ ಕವರು, ಚಾರ್ಜರು ಮಾರುವ ಅಂಗಡಿಯಿತ್ತು. ಪರೋಟಾದವರು ಯುಗಾದಿಗೂ ಮುಂಚೆಯೇ ಅಂಗಡಿ ಖಾಲಿ ಮಾಡಿಕೊಂಡು ಊರಿಗೆ ಹೋದರು ಎಂದು ಪಕ್ಕದ ಹೂವಿನವಳು ಹೇಳಿದಳು.

ನಾನು ಅಲ್ಲೇ ನೀರಿನಲ್ಲಿ ನಿಂತುಬಿಟ್ಟೆ. ಎಷ್ಟು ಜನರ ಸುಳ್ಳು ಹಿಡಿದವಳು ನಾನು! ಇವರು ತಿಂದಿಲ್ಲ. ನಾನು ಅಳುವುದನ್ನು ನೋಡಲಾಗದೆ ತಿಂದೆ ಎಂದು ಸುಳ್ಳು ಹೇಳಿದ್ದಾರೆ. ತಿಂದಿಲ್ಲ ಎಂದರೆ ಡಾಕ್ಟರು ಹೇಳಿದ ಎರಡನೇ ದಾರಿಯೇ ನಿಜ. ಹೂವಿನವಳ ಸ್ಟೂಲಿನ ಮೇಲೆ ಕೂತೆ. ಅವಳು ಪಾಪ, ನೀರು ಕೊಟ್ಟಳು.

ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಇವರ ಜೊತೆ ಕೂತು ಟಿ.ವಿ. ನೋಡಿದೆ. ಆದರೂ ಒಳಗೆ ಒಂದು ಸಣ್ಣ ಆಸೆ ಸಾಯಲೊಲ್ಲದು. ಈ ಅಂಗಡಿಯಲ್ಲದಿದ್ದರೆ ಇನ್ನೊಂದು ಇರಬಹುದಲ್ಲ? ಹೆಸರು ಮುಚ್ಚಿಡಲು ಹಳೇ ಅಂಗಡಿಯ ಮೇಲೆ ಹಾಕಿರಬಹುದಲ್ಲ? ಭಾನುವಾರ ಬೆಳಿಗ್ಗೆ ಇವರು ರಾಗಿ ಡಬ್ಬವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೊರಟಾಗ, ನಾನು ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಅಡ್ಡದಾರಿಯಲ್ಲಿ ಹಿಂದೆಯೇ ಬಿದ್ದೆ. ಒಂದು ಪರೋಟಾ ಅಂಗಡಿಯ ಮುಂದೆ ಸ್ಕೂಟರು ನಿಲ್ಲಲಿ, ಒಂದೇ ಒಂದು ಸಲ ನಿಲ್ಲಲಿ ಎಂದು ಹಾರೈಸುತ್ತ ಓಡಿದೆ.

ಸ್ಕೂಟರು ಎಲ್ಲೂ ನಿಲ್ಲಲಿಲ್ಲ, ನೇರ ಗಿರಣಿಗೇ ಹೋಯಿತು. ನಾನು ಎದುರಿನ ಇಸ್ತ್ರಿ ಗಾಡಿಯ ಮರೆಯಲ್ಲಿ ನಿಂತೆ. ಇವರು ಸೀಟು ಎತ್ತಿ ಒಂದು ಸಣ್ಣ ಪೊಟ್ಟಣ ತೆಗೆದು, ಆ ಕಡೆ ಈ ಕಡೆ ನೋಡಿ ಜೇಬಿಗೆ ಹಾಕಿಕೊಂಡರು. ಸಿಕ್ಕಿಬಿದ್ರಿ ರಾಯರೇ! ತಿನ್ನಿ, ಬಾಯಿಗೆ ಹಾಕಿಕೊಳ್ಳಿ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಇವರು ಬಾಯಿಗೆ ಹಾಕಲಿಲ್ಲ. ಮುರುಗೇಶನ್ ಮೆಷಿನ್ನು ಹಾಕಿದರು. ಇವರು ಪೊಟ್ಟಣ ಬಿಚ್ಚಿ, ಹೋಗಿ, ಮೆಷಿನ್ನಿನ ಮೇಲಿನ ಬಾಯಿಗೆ ಸುರಿದರು. ಬಣ್ಣ ನೋಡಿದರೇ ಗೊತ್ತಾಯಿತು. ಗೋಧಿ.

ಕೆಳಗೆ ಬಿದ್ದ ಬಿಳೀ ಹಿಟ್ಟನ್ನು ಮುರುಗೇಶನ್ ಒಂದು ಬುಟ್ಟಿಯಲ್ಲಿ ಹಿಡಿದು ಪಕ್ಕಕ್ಕಿಟ್ಟರು. ಇವರು ನಮ್ಮ ರಾಗಿ ಡಬ್ಬ ಎತ್ತಿದರು. ಅಷ್ಟರಲ್ಲಿ ನಾನು ರಸ್ತೆ ದಾಟಿ "ನಿಲ್ಸೀ! ನಿಲ್ಸೀ!" ಎಂದು ಕಿರುಚುತ್ತ ಒಳಗೆ ನುಗ್ಗಿದ್ದೆ.

"ಎನ್ನ ಸಾರ್, ವೀಟ್ಟಮ್ಮಾವುಕ್ಕು ಎನ್ನಾಚ್ಚು?" ಎಂದು, ಮನೆಯವರಿಗೆ ಏನಾಯಿತೋ ಎಂಬ ಗಾಬರಿಯಿಂದ ಮುರುಗೇಶನ್ ಮೆಷಿನ್ನು ನಿಲ್ಲಿಸಿದರು. ಇವರ ಮುಖ ಸುಣ್ಣವಾಗಿತ್ತು.

"ಏನ್ರೀ ಅದು? ಏನು ಹಾಕಿದ್ರಿ ಅದಕ್ಕೆ?"

"ಕೂಗಾಡಬೇಡ್ವೇ. ಅದು ತಿನ್ನೋಕಲ್ಲ. ಮೆಷಿನ್ನಿಗೆ ಬಾಯಿ ಮುಕ್ಕಳಿಸೋಕೆ."

"ಏನಂದ್ರಿ?"

"ದೇವರ ನೈವೇದ್ಯಕ್ಕೂ ಇದೇ ಹಿಟ್ಟಲ್ವಾ. ಹಿಂದಿನ ದಿನ ಮೀನಿನ ಮಸಾಲೆ ಎಲ್ಲ ಬೀಸಿರ್ತಾರೆ. ನಾನು ಚಿಕ್ಕವನಿದ್ದಾಗಿಂದ ಅಮ್ಮ ಹೀಗೇ ಮಾಡಿಸ್ತಿದ್ದಳು. ಮೊದಲು ಒಂದು ಹಿಡಿ ನಮ್ಮನೆ ಗೋಧಿ ಹಾಕಿ ಮೆಷಿನ್ ಶುದ್ಧ ಮಾಡೋದು. ಗೋಧಿ ಏಕಾದಶಿಗೂ ಆಗೋ ಧಾನ್ಯ, ಮತ್ತೆ ಅದರಲ್ಲಿ ಅಂಟಿರತ್ತೆ, ಮೂಲೇಲಿ ಇದ್ದಿದ್ದೆಲ್ಲ ಎಳ್ಕೊಂಡು ಬರತ್ತೆ ಅಂತ. ಆ ಹಿಟ್ಟು ಹಸುವಿಗೆ. ನಾವು ಮುಟ್ಟಲ್ಲ. ಮನೆಗೆ ಗೋಧಿ ತಂದ್ರೆ ನೀನು ಕುಣೀತೀಯ ಅಂತ ರೇಷನ್ ಗೋಧಿ ಸ್ವಲ್ಪ ಸ್ಕೂಟರಲ್ಲೇ ಇಟ್ಟಿದ್ದೆ..."

ಹೇಳುತ್ತ ಹೇಳುತ್ತ ಅವರ ದನಿಯೇ ನಿಂತುಹೋಯಿತು. ಅಂಟಿರತ್ತೆ ಎಂಬ ಮಾತು ಅವರ ಕಿವಿಗೂ ಆಗಲೇ ಬಿದ್ದಿರಬೇಕು. ಮೆಷಿನ್ನಿನ ಹಲ್ಲು, ಕಲ್ಲು, ಬಟ್ಟೆಯ ಕೊಳವೆ ಎಲ್ಲಕ್ಕೂ ಗೋಧಿ ಮೆತ್ತಿಸಿ, ಅದರ ಮೇಲೆ ನಮ್ಮ ರಾಗಿ ಸುರಿದು, ವಾರ ವಾರ ಅದನ್ನೇ ಮುದ್ದೆ ಕಟ್ಟಿ ನಾನು ಉಣ್ಣಿಸಿದ್ದೆ. ಬೇರೆಯವರ ಗೋಧಿ ಬೀಳದ ಹಾಗೆ ನಾನು ಅಷ್ಟೆಲ್ಲ ಕಾವಲು ಹಾಕಿದರೆ ನಮ್ಮ ಗೋಧಿ ನಮ್ಮ ಕೈಯಿಂದಲೇ ಬಿದ್ದಿತ್ತು.

ನಾನು ಕೊಡೆಯಿಂದ ಇವರ ಬೆನ್ನಿಗೆ ಎರಡು ಬಾರಿಸಿದೆ. ಆಮೇಲೆ ಅಲ್ಲೇ ಮೂಟೆಯ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ನೋವಿಗಲ್ಲ. ಎರಡನೇ ದಾರಿ ಮುಚ್ಚಿಹೋಯಿತು, ಇವರು ಉಳಿಯುತ್ತಾರೆ ಎಂಬ ಸಂತೋಷಕ್ಕೆ ಬೇರೆ ದಾರಿ ಇರಲಿಲ್ಲ. ಮುರುಗೇಶನ್ ಏನೂ ತಿಳಿಯದೆ ಫ್ಯಾನು ನನ್ನ ಕಡೆ ತಿರುಗಿಸಿಟ್ಟರು.

"ಮತ್ತೆ ಪರೋಟಾ?" ಎಂದು ಕೇಳಿದೆ.

"ನಾನೆಲ್ಲಿ ತಿಂದೆ ಜಯಾ? ಹಿಟ್ಟು ಕಂಡ್ರೆ ಭಯ ಬೀಳ್ತೀನಿ. ನೀನು ಕೊರಗಿ ಕೊರಗಿ ನನಗಿಂತ ಇಳಿದುಹೋಗಿದ್ದೆ. ಡಾಕ್ಟರು ನಿನಗೆ ಹೇಳಿದ್ದು ಬಾಗಿಲಾಚೆ ನನಗೂ ಕೇಳಿಸಿತ್ತು, ತಿಂದೆ ಅಂದ್ರೆ ನಗ್ತೀಯ ಅಂತ ಗೊತ್ತಿತ್ತು. ನಕ್ಕೆ."

"ಮುಂದೆ ಏನಾಗತ್ತೆ ಅಂತ ಯೋಚನೆ ಮಾಡಿದ್ರಾ?"

"ಡಾಕ್ಟರು ಕೊಳವೆ ಇಳಿಸೋತನಕ ನೀನು ನಗ್ತಾ ಇರಲಿ ಅನ್ನಿಸ್ತು."

ರಾಗಿ ಡಬ್ಬವನ್ನು ಹಾಗೇ ವಾಪಸು ತಂದೆವು. ಅರ್ಧ ದಾರಿಯಲ್ಲಿ ಇವರು ಸ್ಕೂಟರು ನಿಲ್ಲಿಸಿ, ಹಿಂದೆ ತಿರುಗದೆಯೇ "ಅಮ್ಮಂಗೆ ಹೇಳಬೇಡ" ಎಂದರು.

"ಹೇಳದೆ? ಮಾಡದ ತಪ್ಪಿಗೆ ದೇವರ ಮನೆಯಿಂದ ಹೊರಗೆ ಹಾಕಿದ್ದಾರೆ, ಗೋಮೂತ್ರ ಕುಡಿಸಿದ್ದಾರೆ ನಿಮಗೆ!"

"ಕುಡಿದಾಯ್ತಲ್ಲ ಬಿಡು. ನನ್ನ ಸಲುವಾಗಿ ಏಕಾದಶಿ ಉಪ್ಪಿಟ್ಟು ಬಿಟ್ಟವಳು ಅವಳು. ಮಗನ ಹೊಟ್ಟೆಗೆ ವಿಷ ಬಿದ್ದದ್ದು ತಾನು ಕಲಿಸಿದ ಮಡಿಯಿಂದ ಅಂತ ಗೊತ್ತಾದ್ರೆ ಆವತ್ತೇ ಊಟ ಬಿಡ್ತಾಳೆ. ಪರೋಟಾ ತಿಂದ ಮಗ ಅಂದ್ರೆ ಬೈಕೊಂಡು ಇರ್ತಾಳೆ. ಬೈಯ್ಯೋರು ತುಂಬಾ ದಿನ ಬದುಕ್ತಾರೆ."

ನಾನು ಒಪ್ಪಲಿಲ್ಲ. ಆದರೆ ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ನಿಂತು, ಇವರ ಒದ್ದೆ ತಲೆಯನ್ನು ತಮ್ಮ ಸೆರಗಿನಿಂದ ಒರೆಸುತ್ತ, "ಪರೋಟಾ ತಿನ್ನೋ ತಲೆಗೆ ನೆಗಡಿ ಬೇರೆ ಕೇಡು" ಎಂದು ಬೈದದ್ದನ್ನು ನೋಡಿ ನನ್ನ ಬಾಯಿ ಕಟ್ಟಿತು. ಗಿರಣಿ ಕೆಟ್ಟಿದೆ ಎಂದು ಇವರು ಇನ್ನೊಂದು ಸುಳ್ಳು ಹೇಳಿದರು. ಮನೆಯಲ್ಲೇ ಹಿಟ್ಟು ಬೀಸುವ ಸಣ್ಣ ಮೆಷಿನ್ನು ಬಂತು. ಅದಕ್ಕೆ ರಾಗಿ, ಜೋಳ, ಅಕ್ಕಿ ಬಿಟ್ಟರೆ ಇನ್ನೊಂದು ಧಾನ್ಯದ ಮುಖ ಗೊತ್ತಿಲ್ಲ.

ಡಾಕ್ಟರಿಗೆ ಮಾತ್ರ ಎಲ್ಲ ಹೇಳಿದೆವು. ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕು, ಕೊಳವೆಯ ಮಾತನ್ನು ಮುಂದಕ್ಕೆ ಹಾಕಿದರು. ಮಳೆ ಮುಗಿದು, ಚಳಿಯೆಂಬ ನಾಲ್ಕು ದಿನದ ಶಾಸ್ತ್ರ ಮುಗಿದು, ಮಾವಿನಕಾಯಿ ಬರುವ ಹೊತ್ತಿಗೆ ಇವರ ಉಗುರಿಗೆ ಕೆಂಪು ಬಂತು. ಪರೀಕ್ಷೆಯ ಸಂಖ್ಯೆ ಇಳಿಯಿತು. ಆ ಸಂಜೆ ಅತ್ತೆ ದೀಪ ಹಚ್ಚಿ, ಇವರನ್ನು ದೇವರ ಮುಂದೆ ನಿಲ್ಲಿಸಿದರು.

"ಪರೋಟಾ ಬಿಟ್ಟೆ, ಬದುಕಿದೆ. ಈಗಲಾದ್ರೂ ಗೊತ್ತಾಯ್ತೇನೋ? ಇನ್ನು ತಿನ್ನಲ್ಲ ಅಂತ ದೀಪ ಮುಟ್ಟಿ ಹೇಳು."

ಇವರು ದೀಪದ ಕಂಬ ಮುಟ್ಟಿ, "ತಪ್ಪಾಯ್ತಮ್ಮಾ, ಇನ್ನು ತಿನ್ನಲ್ಲ" ಎಂದರು. ಅತ್ತೆ ನನ್ನ ಕಡೆ ತಿರುಗಿದರು.

"ಜಯಾ, ನೀನು ಸಾಧು, ನಿನಗೆ ತಿಳಿಯಲ್ಲ. ಇವನ ಮೇಲೆ ಯಾವತ್ತೂ ಒಂದು ಕಣ್ಣಿಟ್ಟಿರು. ಇವನ ಮಾತು ಸುಮ್ಮಸುಮ್ಮನೆ ನಂಬಬೇಡ."

"ಆಗಲಿ ಅಮ್ಮಾ, ನಂಬಲ್ಲ" ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಒತ್ತರಿಸಿಕೊಂಡು ಬಂತು. ಗಂಡನ ಮೇಲಿನ ಸಿಟ್ಟಿಗೆ ಅಳುತ್ತಿದ್ದೇನೆ ಎಂದುಕೊಂಡು ಅತ್ತೆ ನನ್ನ ಬೆನ್ನು ಸವರಿದರು.